ಹೊಸ ಮನೆಗೆ ಬಂದ ಮೇಲೆ ನಾನು ಆಡಿದ್ದೆಲ್ಲ ಗದರಿದಂತೆ ಕೇಳುತ್ತದೆಯಂತೆ: ತಪ್ಪು ಗೋಡೆಯದೋ, ನನ್ನದೋ?

ಅಡಿಕೆಸಿಪ್ಪೆ:

ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ, ತೋಟದ ನೆತ್ತಿಯ ಮೇಲೆ ನಮ್ಮ ಮನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಗಂಟಲು ಸ್ವಲ್ಪ ದೊಡ್ಡದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಹತ್ತೊಂಬತ್ತು ವರ್ಷ ಇದೇ ಗಂಟಲಿನಲ್ಲಿ ಅತ್ತೆಯ ಜೊತೆ ಮಾತನಾಡಿದ್ದೇನೆ. ಅವರು ಒಂದು ದಿನವೂ ಬೇಸರಪಟ್ಟವರಲ್ಲ. ಕಳೆದ ವೈಶಾಖದಲ್ಲಿ ಹೊಸ ಮನೆಯ ಗೃಹಪ್ರವೇಶವಾಯಿತು. ದೀಪಾವಳಿಯ ಹೊತ್ತಿಗೆ ಅತ್ತೆ ನಾದಿನಿಯ ಜೊತೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಮನೆಯೇನೋ ಚೆನ್ನಾಗಿದೆ. ಆದರೆ ಇಲ್ಲಿಗೆ ಬಂದ ಮೇಲೆ ಎಲ್ಲರಿಗೂ ಸಿಟ್ಟು ಜಾಸ್ತಿಯಾಗಿದೆ. ಇವಳು ಊಟಕ್ಕೆ ಕರೆದರೂ ಬೈದ ಹಾಗಿರುತ್ತದೆ."

ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಯೋಚಿಸಿದಾಗ, ನನಗೂ ಹಾಗೆಯೇ ಆಗುತ್ತಿದೆಯಲ್ಲ ಅನ್ನಿಸಿತು. ಯಜಮಾನರು ಹಾಲ್‌ನಲ್ಲಿ ನಿಂತು "ಗಾಡಿಯ ಕೀ ಎಲ್ಲಿ?" ಎಂದರೆ, ಕೀ ಕಳೆದದ್ದು ನಾನೇ ಎಂದು ಅವರು ತೀರ್ಮಾನಿಸಿಯೇ ಕೇಳುತ್ತಿದ್ದಾರೆ ಎಂಬಂತೆ ಉತ್ತರ ಕೊಡುತ್ತೇನೆ. ಅದೇ ಮನುಷ್ಯ ತೋಟದಲ್ಲಿ ಕಾಲುವೆಯ ಆಚೆಯಿಂದ ಕೂಗಿ ಕೇಳಿದರೆ ಬರೀ ಪ್ರಶ್ನೆಯಾಗಿ ಕೇಳುತ್ತದೆ. ಹಳೆಯ ಮನೆಯ ಜಗುಲಿಯಲ್ಲಿ ಕೊಯ್ಲಿನ ಕಾಲಕ್ಕೆ ಹದಿನೈದು ಜನ ಕೂತು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು ಹರಟುತ್ತಿದ್ದೆವು. ಅದನ್ನು ಯಾರೂ ಜಗಳ ಎನ್ನಲಿಲ್ಲ.

ಗುಡ್ಡ ಅದೇ, ಮಳೆ ಅದೇ, ಜನರೂ ಅವರೇ. ಬದಲಾದದ್ದು ಮನೆ ಒಂದೇ. ಹಳೆಯದು ಮಣ್ಣಿನ ಗೋಡೆ, ಮರದ ಮುಚ್ಚಿಗೆ, ಮೇಲೆ ಮಂಗಳೂರು ಹೆಂಚು. ಹೊಸದು ತಾರಸಿ ಮನೆ: ಹಾಲು ಇಪ್ಪತ್ತನಾಲ್ಕು ಅಡಿ ಉದ್ದ, ಹದಿನಾರು ಅಗಲ, ಹನ್ನೊಂದು ಎತ್ತರ. ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್, ಪುಟ್ಟಿ ಹಚ್ಚಿ ಬಣ್ಣ ಬಳಿದ ಗೋಡೆ, ಜಾರುವ ಗಾಜಿನ ಕಿಟಕಿ. ಒಂದು ಸೋಫಾ, ಒಂದು ಟಿವಿ. ಪಾಯ ಪೂರ್ವಕ್ಕೆ ಸರಿದದ್ದರಿಂದ ಅಲ್ಲಿದ್ದ ಹಲಸಿನ ಮರ ಹೋಯಿತು. ಹಂದಿ ಕಾಟವೆಂದು ಸುತ್ತ ಆರಡಿ ಕಾಂಪೌಂಡ್, ದಾರಿಗೆ ಅಡ್ಡಗೋಲು ಸರಿಸುವ ಉಣುಗೋಲಿದ್ದ ಕಡೆ ತಗಡಿನ ಗೇಟು.

ಅತ್ತೆಗೆ ಎಪ್ಪತ್ತೆಂಟು. ಈಗ ಬೆಳಗಿನ ತಿಂಡಿ ಮುಗಿಸಿ ಕೊಟ್ಟಿಗೆಗೆ ಹೋದರೆ ಮಧ್ಯಾಹ್ನದವರೆಗೆ ಅಲ್ಲೇ. ಹಳೆಯದರಲ್ಲಿ ಉಳಿದಿರುವುದು ಕೊಟ್ಟಿಗೆಯೊಂದೇ, ಅದರಲ್ಲಿರುವುದು ಒಂದೇ ದನ. ಊರಿನಲ್ಲಿ ಸುದ್ದಿ ಏನಾಗಿದೆ ಎಂದರೆ, ಮೇಡಂ ಹೊಸ ಮನೆ ಕಟ್ಟಿಸಿ ಅತ್ತೆಯನ್ನು ಕೊಟ್ಟಿಗೆಗೆ ಹಾಕಿದ್ದಾರೆ!

ಮನೆಯೊಂದು ಮನುಷ್ಯರ ಸಿಟ್ಟು, ಪ್ರೀತಿ ಕೇಳಿಸುವ ರೀತಿಯನ್ನೇ ಬದಲಿಸಬಲ್ಲದೇ? ಬದಲಿಸುವುದಾದರೆ ಕೆಡವದೆ, ಒಡೆಯದೆ ಏನು ಮಾಡಬಹುದು? ವಾಸ್ತು ದೋಷ ಎನ್ನುವವರು ದಯವಿಟ್ಟು ಬೇಡ. ಈಗಾಗಲೇ ಒಬ್ಬರು ಬಂದು, ಅಡುಗೆಮನೆಯ ಬಾಗಿಲು ತಿರುಗಿಸಲು ನಲವತ್ತು ಸಾವಿರದ ಲೆಕ್ಕ ಕೊಟ್ಟು, ಎರಡು ಸಲ ಕಾಫಿ ಕುಡಿದು ಹೋಗಿದ್ದಾರೆ.

ಕೆಂಪುಕಲ್ಲು:

ನಾನು ಕುಂದಾಪುರ ಕಡೆಯವನು, ಮೈಸೂರಿನಲ್ಲಿ ಕಟ್ಟಡದ ಕೆಲಸ. ಇಂಥ ಮನೆಗಳನ್ನು ಕಟ್ಟಿಕೊಟ್ಟ ಪಾಪ ನನಗೂ ಇದೆ, ಆದ್ದರಿಂದ ಉತ್ತರಿಸುವ ಹೊಣೆಯೂ ಇದೆ.

ಮೊದಲು ಒಂದು ಕೆಲಸ ಮಾಡಿ. ಟಿವಿ, ಫ್ಯಾನು ಆರಿಸಿ ಹಾಲಿನ ನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯಿರಿ. ಆಮೇಲೆ ಕೊಟ್ಟಿಗೆಯಲ್ಲಿ, ದನ ಬೆದರದಂತೆ, ಇನ್ನೊಂದು. ಕೊಟ್ಟಿಗೆಯದು ಟಪ್ ಎಂದು ಅಲ್ಲೇ ಸಾಯುತ್ತದೆ. ಹಾಲಿನದಕ್ಕೆ ಒಂದು ಬಾಲ ಉಳಿಯುತ್ತದೆ. ನಿಮ್ಮ ಮನೆಯ ಸಿಟ್ಟು ಆ ಬಾಲದಲ್ಲಿದೆ ಎಂದು ನನ್ನ ಅನುಮಾನ.

ನೀವು ಕೊಟ್ಟ ಅಳತೆ ಹಿಡಿದು ಲೆಕ್ಕ ಹಾಕಿದೆ. ಹಾಲಿನ ಗಾತ್ರ ಸುಮಾರು 120 ಘನ ಮೀಟರ್. ನೆಲ, ತಾರಸಿ, ಗೋಡೆ ಸೇರಿ 150 ಚದರ ಮೀಟರಿನಷ್ಟು ಗಟ್ಟಿಯಾದ, ನುಣುಪಾದ ಮೈ. ತನ್ನ ಮೇಲೆ ಬಿದ್ದ ಶಬ್ದದಲ್ಲಿ ಅದು ನುಂಗುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಉಳಿದದ್ದನ್ನು ವಾಪಸ್ ಎಸೆಯುತ್ತದೆ. ಸೋಫಾವನ್ನೂ ಮನೆಮಂದಿಯನ್ನೂ ಸೇರಿಸಿದರೂ ಅನುರಣನದ ಕಾಲ, ಅಂದರೆ ಶಬ್ದ ಅಡಗಲು ಹಿಡಿಯುವ ಹೊತ್ತು, ಎರಡೂವರೆ ಸೆಕೆಂಡಿನ ಆಸುಪಾಸು ಬರುತ್ತದೆ. ಮಾತುಕತೆಯ ಕೋಣೆಗೆ ಅರ್ಧ ಸೆಕೆಂಡು ಹಿತ. "ಅತ್ತೆ, ಊಟಕ್ಕೆ ಬನ್ನಿ" ಎಂದು ನೀವು ಕರೆದರೆ, "ಬನ್ನಿ" ಬಾಯಿಂದ ಹೊರಡುವಾಗ "ಅತ್ತೆ" ಇನ್ನೂ ಗೋಡೆಯಿಂದ ಗೋಡೆಗೆ ಓಡಾಡುತ್ತಿರುತ್ತದೆ.

ಈ ಲೆಕ್ಕದ ಸೂತ್ರ ವ್ಯಾಲೆಸ್ ಸೆಬೈನ್ ಎಂಬ ಭೌತಶಾಸ್ತ್ರದ ಮೇಷ್ಟರದು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಆಡಿದ ಶಬ್ದ ಐದೂವರೆ ಸೆಕೆಂಡು ಉಳಿದು ಮುಂದಿನ ಮಾತನ್ನು ನುಂಗುತ್ತಿತ್ತು. ಆತ ರಾತ್ರಿ ಹೊತ್ತಿನಲ್ಲಿ ಹತ್ತಿರದ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ತರಿಸಿ ಹರಡಿ, ಆರ್ಗನ್ ಕೊಳವೆ ನುಡಿಸಿ, ಶಬ್ದ ಅಡಗುವ ಹೊತ್ತನ್ನು ಗಡಿಯಾರ ಹಿಡಿದು ಅಳೆದ. ಅವನ ಲೆಕ್ಕದಲ್ಲಿ ಅಳತೆಗೋಲು ತೆರೆದ ಕಿಟಕಿ, ಏಕೆಂದರೆ ಹೊರಗೆ ಹೋದ ಶಬ್ದ ಮರಳಿ ಬರುವುದಿಲ್ಲ. ಆ ಲೆಕ್ಕದಲ್ಲಿ ನೋಡಿದರೆ ನಿಮ್ಮ ಹಳೆಯ ಮನೆಯ ಜಗುಲಿ, ಹೆಂಚಿನ ಸಂದು, ಅಂಗಳ ಎಲ್ಲ ಸೇರಿ ಒಂದು ದೊಡ್ಡ ಕಿಟಕಿ. ಅಡಿಕೆ ಸುಲಿಯುವವರ ಗದ್ದಲ ಹುಟ್ಟಿದಲ್ಲಿಂದಲೇ ತೋಟಕ್ಕೆ ಇಳಿದುಹೋಗುತ್ತಿತ್ತು.

ಇನ್ನು ಅತ್ತೆಯವರ ಕಿವಿ. ಮಾತಿನಲ್ಲಿ ಬಲ ಇರುವುದು ಆ, ಈ, ಊ ಮುಂತಾದ ಸ್ವರಗಳಲ್ಲಿ. ಅರ್ಥ ಹೊರುವುದು ಹೆಚ್ಚಾಗಿ ವ್ಯಂಜನಗಳು. ಸ, ಶ, ತ, ಕ ಎಲ್ಲ ತೆಳ್ಳಗಿನ ಶಬ್ದಗಳು. ವಯಸ್ಸಾದಂತೆ ಮೊದಲು ಮಂಕಾಗುವುದು ಎತ್ತರದ ಶ್ರುತಿಯ ಶ್ರವಣ, ಅಂದರೆ ಈ ತೆಳ್ಳಗಿನವೇ. ಅಳಿದುಳಿದ ವ್ಯಂಜನದ ಮೇಲೆ ಹಿಂದಿನ ಪದದ ಸ್ವರ ಬಂದು ಕೂತರೆ ಮಾತು ಅಳಿಸಿಹೋಗಿ ಜೋರು ಮಾತ್ರ ಉಳಿಯುತ್ತದೆ. ನೀವು ಏನು ಹೇಳಿದಿರಿ ಎಂಬುದು ಅವರಿಗೆ ತಲುಪುತ್ತಿಲ್ಲ, ಎಷ್ಟು ಜೋರಾಗಿ ಹೇಳಿದಿರಿ ಎಂಬುದು ತಲುಪುತ್ತಿದೆ. ಸಾಲದ್ದಕ್ಕೆ, ಗದ್ದಲದ ಕೋಣೆಯಲ್ಲಿ ನಾವೆಲ್ಲ ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. 1911ರಲ್ಲಿ ಎಟಿಯೆನ್ ಲೊಂಬಾರ್ ಎಂಬ ಫ್ರಾನ್ಸಿನ ಕಿವಿ ವೈದ್ಯ ಇದರ ಬಗ್ಗೆ ಬರೆದ. ನೀವು ಏರಿಸುತ್ತೀರಿ, ಗೋಡೆ ಏರಿಸುತ್ತದೆ, ಯಜಮಾನರು ಇನ್ನಷ್ಟು ಏರಿಸುತ್ತಾರೆ.

ಖರ್ಚಿಲ್ಲದ ಮದ್ದು: ಮನೆಯಲ್ಲಿ ಕರಿಕಂಬಳಿ ಇದ್ದೇ ಇರುತ್ತದೆ. ನಾಲ್ಕನ್ನು ಟಿವಿಯ ಎದುರಿನ ಉದ್ದ ಗೋಡೆಗೆ ನೇತುಹಾಕಿ. ಗೋಡೆಗೆ ಅಂಟಿಸಬೇಡಿ, ನಾಲ್ಕು ಬೆರಳು ಬಿಟ್ಟು ಒಂದು ಬಿದಿರಿಗೆ ಹಾಕಿ. ಹಿಂದೆ ಗಾಳಿ ಇದ್ದರೆ ಹೆಚ್ಚು ಹೀರುತ್ತದೆ. ಎರಡೂವರೆ ಸೆಕೆಂಡು ಒಂದೂವರೆಯ ಸುತ್ತ ಇಳಿಯಬೇಕು.

ರಾತ್ರಿಪಾಳಿ:

ಅಕ್ಕ, ನಾನು ಹುಬ್ಬಳ್ಳಿಯಲ್ಲಿ ನರ್ಸ್. ಇಂಜಿನಿಯರ್ ಸರ್ ಹೇಳಿದ್ದು ಸರಿ ಇರಬಹುದು, ಆದರೆ ನನಗೆ ಬೇರೆಯೇ ಒಂದು ಪ್ರಶ್ನೆ ಇದೆ. ಅತ್ತೆಯವರು ಹಾಲಿನಲ್ಲಿ ಕೂತಾಗ ಅವರ ಕಣ್ಣಿಗೆ ಏನು ಬೀಳುತ್ತದೆ? ನೀವು ನಿಂತು ನೋಡಬೇಡಿ. ಅವರ ಕುರ್ಚಿಯಲ್ಲಿ ಕೂತು ನೋಡಿ.

ನಮ್ಮ ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ಆರಕ್ಕೆ ಕಿಟಕಿಯಾಚೆ ಬೇವಿನ ಮರ ಕಾಣುತ್ತದೆ, ಆರಕ್ಕೆ ಪಕ್ಕದ ಕಟ್ಟಡದ ಗೋಡೆ ಮತ್ತು ಎಸಿಯ ಡಬ್ಬಗಳು. ಗೋಡೆಯ ಕಡೆಯವರು ರಾತ್ರಿ ಹೆಚ್ಚು ಬೆಲ್ ಒತ್ತುತ್ತಾರೆ ಎಂದು ನಾನು ಹೇಳಿದರೆ ಡಾಕ್ಟರು ನಗುತ್ತಿದ್ದರು. ತರಬೇತಿಯಲ್ಲಿ ಓದಿದ್ದ ಒಂದು ಅಧ್ಯಯನವನ್ನು ಆಮೇಲೆ ಅವರಿಗೇ ತೋರಿಸಿದೆ. ರೋಜರ್ ಉಲ್ರಿಚ್ ಎಂಬವರು 1984ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ ದಾಖಲೆಗಳು. ವಯಸ್ಸು, ಲಿಂಗ ಇತ್ಯಾದಿ ಹೊಂದಿಸಿ 23 ಜೋಡಿ ಮಾಡಿದ್ದರು. ಜೋಡಿಯಲ್ಲಿ ಒಬ್ಬರಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನೊಬ್ಬರಿಗೆ ಕಂದು ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಮರದ ಕಡೆಯವರಿಗೆ ಬಲವಾದ ನೋವಿನ ಔಷಧ ಕಡಿಮೆ ಸಾಕಾಯಿತು. ನನಗೆ ಹೆಚ್ಚು ತಾಗಿದ್ದು ನರ್ಸ್‌ಗಳ ಟಿಪ್ಪಣಿಯ ಲೆಕ್ಕ. "ಅಳುತ್ತಿದ್ದಾರೆ, ಧೈರ್ಯ ಹೇಳಬೇಕು" ಎಂಬಂಥ ಟಿಪ್ಪಣಿಗಳು ಗೋಡೆಯ ಕಡೆಯವರ ಬಗ್ಗೆ ತಲೆಗೆ ಸುಮಾರು ನಾಲ್ಕು, ಮರದ ಕಡೆಯವರ ಬಗ್ಗೆ ಒಂದು ಚಿಲ್ಲರೆ.

ಹಾಲಿನ ಟ್ಯೂಬ್‌ಲೈಟ್ ಯಾವುದು, ಅದನ್ನೂ ನೋಡಿ. ನೀಲಿ ಬಿಳುಪಿನದು 6500 ಕೆಲ್ವಿನ್ ಎಂದು ಡಬ್ಬದ ಮೇಲೆ ಇರುತ್ತದೆ. ನಮ್ಮ ಡ್ರೆಸ್ಸಿಂಗ್ ರೂಮಿನಲ್ಲಿ ಅದೇ ಬೇಕು, ಗಾಯ ಸರಿಯಾಗಿ ಕಾಣಬೇಕಲ್ಲ. ಸಂಜೆ ಮನೆಯಲ್ಲಿ ಅದರ ಕೆಳಗೆ ಕೂತರೆ ಎಲ್ಲರ ಮುಖವೂ ರೋಗಿಯ ಮುಖದಂತೆ ಕಾಣುತ್ತದೆ. 2700ರದ್ದು ಹಾಕಿ, ಹಳೆಯ ಬಲ್ಬಿನ ಬಣ್ಣ ಬರುತ್ತದೆ.

ಮುಳುಗಡೆಯವ:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೆ ಕಂಬಳಿ ಕಟ್ಟಿ, ಬಲ್ಬು ಬದಲಿಸಿದರೆ ಮುಗಿಯಿತು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪ್ರತಿಧ್ವನಿಯೇ ಸಿಟ್ಟು ತರಿಸುವುದಾದರೆ ವಿಜಯಪುರದ ಗೋಳಗುಮ್ಮಟದಿಂದ ಜನ ಜಗಳವಾಡಿಕೊಂಡು ಇಳಿದುಬರಬೇಕಿತ್ತು. ಅಲ್ಲಿ ಒಂದು ಚಪ್ಪಾಳೆ ಏಳೆಂಟು ಸಲ ಮರಳಿ ಬರುತ್ತದೆ, ಆಚೆ ಕಡೆಯ ಪಿಸುಮಾತು ಈಚೆ ಕೇಳುತ್ತದೆ, ಎಲ್ಲರೂ ನಗುತ್ತಾರೆ. ಅಲ್ಲಿಗೆ ನಾವು ಅದಕ್ಕೆಂದೇ ಹೋಗಿರುತ್ತೇವೆ, ಅಷ್ಟೇ. (ಶಾಲೆಯ ಪ್ರವಾಸದ ಮಕ್ಕಳು ಬರುವ ಮೊದಲು, ಬೆಳಿಗ್ಗೆ ಬೇಗ ಹೋಗಬೇಕು. ಅವರು ಬಂದ ಮೇಲೆ ಇಂಜಿನಿಯರ್ ಸಾಹೇಬರ ಮಾತೇ ನಿಜ.)

ನಮ್ಮದು ಬಾಗಲಕೋಟೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ನಮ್ಮ ಓಣಿ ಹೋಯಿತು, ನವನಗರದಲ್ಲಿ ಸೈಟು ಸಿಕ್ಕಿತು. ಹಳೆಯ ಊರಿನಲ್ಲಿ ನಮ್ಮ ಮನೆಯ ಕಟ್ಟೆಗೂ ಎದುರು ಮನೆಯ ಕಟ್ಟೆಗೂ ನಡುವೆ ಎಂಟಡಿ. ನಮ್ಮ ತಂದೆ ಮತ್ತು ಎದುರು ಮನೆಯ ಕಾಕಾ ಸಂಜೆ ತಮ್ಮ ತಮ್ಮ ಕಟ್ಟೆಯ ಮೇಲೆ ಕೂತು, ಏಳದೆ, ಗೋಣು ಸಹ ತಿರುಗಿಸದೆ ಎರಡು ತಾಸು ಮಾತನಾಡುತ್ತಿದ್ದರು. ನವನಗರದಲ್ಲೂ ಅದೇ ಕಾಕಾ ಎದುರಿಗೇ ಬಂದರು. ಆದರೆ ನಡುವೆ ನಲವತ್ತಡಿಯ ರಸ್ತೆ, ಎರಡು ಗೇಟು. ಮಾತನಾಡಬೇಕೆಂದರೆ ಕೂಗಬೇಕು, ಇಲ್ಲವೇ ಎದ್ದು ಅಂಗಿ ಹಾಕಿಕೊಂಡು ರಸ್ತೆ ದಾಟಿ ಹೋಗಬೇಕು. ಇಬ್ಬರೂ ಹೋಗಲಿಲ್ಲ. ವರ್ಷ ಕಳೆಯುವುದರೊಳಗೆ ನಮ್ಮ ತಂದೆ, "ಅವನಿಗೆ ಹೊಸ ಮನೆ ಕಟ್ಟಿದ ಸೊಕ್ಕು" ಎನ್ನತೊಡಗಿದರು. ಆ ಕಡೆಯೂ ಅದೇ ಮಾತು ನಡೆದಿತ್ತೆಂದು ಕಾಕಾ ತೀರಿಕೊಂಡ ಮೇಲೆ ಅವರ ಮಗನಿಂದ ತಿಳಿಯಿತು.

ನಮ್ಮದಾದರೂ ಊರು ಬಿಟ್ಟು ಬಂದದ್ದು. ಊರಿನಲ್ಲೇ ಕೂತಿರುವಾಗ ಸುತ್ತಲಿನದು ಬದಲಾದರೆ ಆಗುವ ಸಂಕಟಕ್ಕೆ ಗ್ಲೆನ್ ಆಲ್‌ಬ್ರೆಕ್ಟ್ ಎಂಬ ಆಸ್ಟ್ರೇಲಿಯಾದ ತತ್ತ್ವಶಾಸ್ತ್ರಜ್ಞ "ಸೊಲಸ್ಟಾಲ್ಜಿಯಾ" ಎಂದು ಹೆಸರಿಟ್ಟಿದ್ದಾರೆ. ಆ ದೇಶದ ಹಂಟರ್ ಕಣಿವೆಯಲ್ಲಿ ತೆರೆದ ಕಲ್ಲಿದ್ದಲು ಗಣಿಗಳು ಎದ್ದಾಗ ಅಲ್ಲಿಯ ಜನ ಹೇಳಿಕೊಂಡದ್ದನ್ನು ಕೇಳಿ ಕಟ್ಟಿದ ಪದ. ಮನೆಯಲ್ಲೇ ಇದ್ದು ಮನೆಯ ನೆನಪಿನಲ್ಲಿ ಕೊರಗುವುದು ಎನ್ನಿ. ತಾಯಿ, ನೀವು ಕೋಣೆಯ ಅಳತೆಯನ್ನು ಅಡಿ ಲೆಕ್ಕದಲ್ಲಿ ಕೊಟ್ಟಿದ್ದೀರಿ. ಹಲಸಿನ ಮರವನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಆ ಮರ ಯಾರು ನೆಟ್ಟದ್ದು, ಕೇಳಿದ್ದೀರಾ?

ಅಡಿಕೆಸಿಪ್ಪೆ:

ಮೂವರಿಗೂ ನಮಸ್ಕಾರ. ಹೇಳಿದ್ದನ್ನೆಲ್ಲ ಮಾಡಿದೆ.

ಚಪ್ಪಾಳೆ: ನಿಜ. ಹಾಲಿನ ಚಪ್ಪಾಳೆಗೆ ಬಾಲ ಮಾತ್ರವಲ್ಲ, ತಗಡು ಅಲುಗಿದಂಥ ಒಂದು ಝಣತ್ಕಾರವೂ ಇದೆ. ಮಗ ಮೊಬೈಲಿನಲ್ಲಿ ಎರಡನ್ನೂ ರೆಕಾರ್ಡ್ ಮಾಡಿಕೊಂಡ. ಹಾಗೆಯೇ ನಾನು "ಅತ್ತೆ, ಊಟಕ್ಕೆ ಬನ್ನಿ" ಎನ್ನುವುದನ್ನೂ ಮಾಡಿಕೊಂಡ. ಅತ್ತೆಯ ಕೋಣೆಯ ಬಾಗಿಲಲ್ಲಿ ಫೋನು ಇಟ್ಟಿದ್ದರಿಂದ ಅವರಿಗೆ ಕೇಳಿದ ಹಾಗೆಯೇ ನನಗೂ ಕೇಳಿತು. ಯಾರೋ ತಹಶೀಲ್ದಾರರು ನೋಟೀಸು ಓದಿದ ಹಾಗಿದೆ. ನಾನಾಗಿದ್ದರೆ ಊಟಕ್ಕೆ ಹೋಗುತ್ತಿರಲಿಲ್ಲ.

ಕುರ್ಚಿ: ಕೂತೆ. ಕಿಟಕಿಯ ಕಟ್ಟೆ ನೆಲದಿಂದ ಮೂರೂಮುಕ್ಕಾಲು ಅಡಿ. ನಿಂತರೆ ಗುಡ್ಡ, ತೋಟ, ಅಡಿಕೆಮರದ ತುದಿಗಳು ಎಲ್ಲ ಕಾಣುತ್ತದೆ. ನಕ್ಷೆ ನೋಡುವಾಗ ನಾವು ನಿಂತೇ ಒಪ್ಪಿದ್ದು. ಕೂತರೆ ಕಾಂಪೌಂಡಿನ ಮೇಲಂಚು, ಒಂದು ಗೇಣು ಆಕಾಶ. ಅತ್ತೆ ನನಗಿಂತ ಕುಳ್ಳು.

ಹಲಸಿನ ಮರ: ಕೇಳಿದೆ. "ಯಾರು ನೆಡುತ್ತಾರೆ? ತಿಂದು ಎಸೆದ ಬೀಜ" ಎಂದರು. ಕಡಿಸಿ ಎಂದು ಮೊದಲು ಹೇಳಿದವರೂ ಅವರೇ, ಮಂಗನ ಕಾಟಕ್ಕೆ. ಮುಳುಗಡೆಯವರು ಬೇಸರಿಸಬಾರದು, ಮರದ ಕೊರಗು ನನಗಿದೆಯೇ ಹೊರತು ಅವರಿಗಿಲ್ಲ.

ಆದರೆ ನಿಮ್ಮ ಎಂಟಡಿ ಕಟ್ಟೆಯ ಕಥೆ ಓದಿದ ಮೇಲೆ ಕೊಟ್ಟಿಗೆಗೆ ಹೋಗಿ ಅವರ ಪಕ್ಕ ಒಂದು ಮಣೆ ಹಾಕಿಕೊಂಡು ಕೂತೆ. ಕೊಟ್ಟಿಗೆಯದು ಅರ್ಧ ಗೋಡೆ. ಅಲ್ಲಿ ಕಾಂಪೌಂಡ್ ಇನ್ನೂ ಮುಗಿದಿಲ್ಲ, ಕಲ್ಲು ಕಡಿಮೆ ಬಿದ್ದು ನಿಂತಿದೆ. ಅಲ್ಲಿಂದ ರಸ್ತೆಯ ತಿರುವಿನವರೆಗೆ ಕಾಣುತ್ತದೆ. ಅತ್ತೆ ದನದ ಮೈ ತಿಕ್ಕುತ್ತ, ತಲೆ ಎತ್ತದೆ, "ಪೋಸ್ಟಿನವನು ಇವತ್ತು ತಡ" ಎಂದರು. ಹಳೆಯ ಜಗುಲಿಯಿಂದ ಉಣುಗೋಲು ಕಾಣುತ್ತಿತ್ತು. ಬರುವವರು ಅದನ್ನು ಸರಿಸಿ, ಮತ್ತೆ ಹಾಕಿ, ನೂರು ಹೆಜ್ಜೆ ನಡೆದು ಬರಬೇಕಿತ್ತು. ಅಷ್ಟರಲ್ಲಿ ಯಾರು, ಯಾಕೆ ಬರುತ್ತಿದ್ದಾರೆ, ಕಾಫಿಯೋ ಊಟವೋ ಎಲ್ಲ ಅವರ ತಲೆಯಲ್ಲಿ ಆಗಿಹೋಗುತ್ತಿತ್ತು. ಈಗ ಒಮ್ಮೆಗೇ ಬೆಲ್. ನಮ್ಮದು ಹಕ್ಕಿ ಕೂಗುವ ಬೆಲ್ ಬೇರೆ, ಆ ಹಾಲಿನಲ್ಲಿ ಅದು ಗೂಬೆಯಂತೆ ಕೇಳುತ್ತದೆ. "ಬಾಗಿಲು ತೆಗೆಯುವ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಬಂದವರ ಮುಖ ನೋಡಿದರೂ ಹೆದರಿಕೆಯೇ" ಎಂದರು.

ಕೆಂಪುಕಲ್ಲು:

ಇದನ್ನು ನಾನು ಮೊದಲೇ ಕೇಳಬೇಕಿತ್ತು. ಜೇ ಆಪಲ್‌ಟನ್ ಎಂಬ ಇಂಗ್ಲೆಂಡಿನ ಭೂಗೋಳ ಶಾಸ್ತ್ರಜ್ಞ 1975ರಲ್ಲಿ ಹೇಳಿದ್ದು ಇದನ್ನೇ. ಬೆನ್ನಿಗೆ ಆಸರೆ ಇರಬೇಕು, ಮುಂದೆ ದೂರದವರೆಗೆ ನೋಟ ಇರಬೇಕು. ತಾನು ಕಾಣಿಸದೆ ಇತರರನ್ನು ಕಾಣುವಂಥ ಜಾಗ ಮನುಷ್ಯನಿಗೆ ಹಿತ. ನಮ್ಮ ಕರಾವಳಿ, ಮಲೆನಾಡಿನ ಜಗುಲಿ ಅಂದರೆ ಅದೇ ಅಲ್ಲವೇ: ಹಿಂದೆ ಗೋಡೆ, ತಗ್ಗಿದ ಸೂರಿನ ನೆರಳು, ಮುಂದೆ ಬೆಳಕಿನ ಅಂಗಳ. ಹೊರಗಿನಿಂದ ಬರುವವನಿಗೆ ನೆರಳಲ್ಲಿ ಕೂತವರು ಕಾಣುವುದಿಲ್ಲ. ನಾವು ಅದನ್ನು ಸಿಟ್‌ಔಟ್ ಎಂದು ಐದಡಿಗೆ ಇಳಿಸಿ, ಗ್ರಿಲ್ ಹಾಕಿ, ಚಪ್ಪಲಿ ಸ್ಟ್ಯಾಂಡ್ ಇಡುತ್ತಿದ್ದೇವೆ. ಕೊಟ್ಟಿಗೆಯ ಕಡೆಯ ಕಾಂಪೌಂಡ್ ಮುಗಿಸಬೇಡಿ. ಗೇಟಿನ ತಗಡನ್ನು ಅವರು ಕೂತಾಗಿನ ಕಣ್ಣಿನ ಮಟ್ಟದಲ್ಲಿ ಕತ್ತರಿಸಿ ಸರಳು ಹಾಕಿಸಿ. ಕೆಳಗಿನ ಮೂರಡಿ ತಗಡು ಇದ್ದರೆ ಹಂದಿಗೆ ಸಾಕು.

ಅಡಿಕೆಸಿಪ್ಪೆ:

ತಿಂಗಳ ಮೇಲೆ ಬರೆಯುತ್ತಿದ್ದೇನೆ.

ಗೇಟು ಕತ್ತರಿಸಲು ಬಂದ ವೆಲ್ಡಿಂಗ್ ಹುಡುಗ, "ಹೊಸ ಗೇಟಿಗೆ ಯಾಕೆ ಮೇಡಂ ತೂತು?" ಎಂದು ಎರಡು ಸಲ ಕೇಳಿದ. ಅತ್ತೆಯ ಕುರ್ಚಿಯನ್ನು ಸಿಟ್‌ಔಟಿಗೆ ತಂದು, ಅವರನ್ನು ಕೂರಿಸಿ, ದಾರ ಹಿಡಿದು ಗುರುತು ಹಾಕಿಸಿದೆವು. ಈಗ ಗೇಟಿನಲ್ಲಿ ಎರಡಡಿ ಎತ್ತರದ ಸರಳಿನ ಪಟ್ಟಿ ಇದೆ. ತಿರುವಿನವರೆಗೆ ಕಾಣುವುದಿಲ್ಲ, ಆದರೆ ಬಂದವರ ಮುಖ ಮೊದಲೇ ಕಾಣುತ್ತದೆ. ಬೆಲ್ ತೆಗೆಸಿದೆ. ಬಲ್ಬು ಬದಲಿಸಿದ್ದಕ್ಕೆ ಮಗನದು ತಕರಾರು, ಓದಲು ಮಂಕಂತೆ. ಅವನ ಕೋಣೆಯಲ್ಲಿ ಬಿಳಿಯದನ್ನೇ ಬಿಟ್ಟಿದ್ದೇನೆ.

ಕಂಬಳಿ ನಾಲ್ಕು ನೇತಾಡುತ್ತಿವೆ. ಚಪ್ಪಾಳೆಯ ಬಾಲ ಪೂರ್ತಿ ಹೋಗಿಲ್ಲ, ಮೊಂಡಾಗಿದೆ. ಯಜಮಾನರು ಕೀ ಕೇಳುವುದು ಕಡಿಮೆಯಾಗಿಲ್ಲ, ನನಗೆ ಕೇಳುವುದು ಮಾತ್ರ ಸ್ವಲ್ಪ ಬೇರೆಯಾಗಿದೆ. ಅತ್ತೆ ಕೊಟ್ಟಿಗೆ ಬಿಟ್ಟಿಲ್ಲ, ಆದರೆ ಹನ್ನೊಂದಕ್ಕೆಲ್ಲ ಒಳಗೆ ಬರುತ್ತಾರೆ. ನಿನ್ನೆ ಹಾಗೆ ಒಳಗೆ ಬಂದ ಅತ್ತೆ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಮಳೆ ಹಿಡಿದರೆ ಇವು ಮುಗ್ಗಲು ಬರುತ್ತವೆ. ಆಳುಗಳಿಗೆ ಮಳೆಯಲ್ಲಿ ಹೊದೆಯುವ ಕೊಪ್ಪೆಗೆ ಏನು ಕೊಡುತ್ತೀ? ಮೊದಲು ಇಳಿಸಿ ಬಿಸಿಲಿಗೆ ಹಾಕು" ಎಂದು ನನ್ನನ್ನು ಚೆನ್ನಾಗಿ ಗದರಿದರು. ಅದು ಪ್ರತಿಧ್ವನಿ ಅಲ್ಲ, ನಾನು ಎದುರಿಗೇ ಇದ್ದೆ.

ಕೆಂಪುಕಲ್ಲು ಅವರೇ, ಮಳೆಗಾಲಕ್ಕೆ ಕಂಬಳಿಯ ಬದಲು ಹಳೆಯ ಅಡಿಕೆಯ ಗೋಣಿಚೀಲಗಳನ್ನು ಎರಡು ಪದರ ಹೊಲಿದು ಕಟ್ಟಿದರೆ ನಡೆಯುತ್ತದೆಯೇ?